ಮೋರೇರು ಕುಳ್ಳರೇನಲ್ಲ

ಹಿರೇಬೆಣಕಲ್ ಗುಡ್ಡದ ರೀಲ್ ಒಂದು ವಾಟ್ಸಾಪಿನಲ್ಲಿ ಸುತ್ತುತ್ತಿದೆ. ನನಗೇ ಐದು ಗ್ರೂಪಿನಿಂದ ಬಂತು. 'ಮೂರಡಿ ಮನುಷ್ಯರ ಊರು' ಅಂತ ತಲೆಬರಹ, ಹಿಂದೆ ಹೆದರಿಸುವ ಮ್ಯೂಸಿಕ್. ಇಷ್ಟು ಭಾರದ ಕಲ್ಲನ್ನು ಮನುಷ್ಯರು ಎತ್ತುವುದು ಸಾಧ್ಯವೇ ಇಲ್ಲ ಅಂತ ಕೊನೆಗೆ ತೀರ್ಪು. ಆರಡಿಯವರಿಗೆ ಆಗದ್ದು ಮೂರಡಿಯವರಿಗೆ ಹೇಗೆ ಆಯಿತೋ!

ನೋಡದವರಿಗೆ ಹೇಳುತ್ತೇನೆ. ಗಂಗಾವತಿ ಹತ್ತಿರ, ಭತ್ತದ ಗದ್ದೆಗಳ ಮೇಲೆ ಎದ್ದ ಬಂಡೆಗುಡ್ಡ. ಅಲ್ಲಿದ್ದರೆಂದು ಹೇಳುವ ಕುಳ್ಳರನ್ನು ಜನ ಮೋರೇರು ಅನ್ನುತ್ತಾರೆ, ಗುಡ್ಡಕ್ಕೆ ಮೋರೇರ ಗುಡ್ಡ ಅಂತ ಹೆಸರು. ಮೇಲೆ ಸತ್ತವರಿಗಾಗಿ ಕಟ್ಟಿದ ಸುಮಾರು 400 ಕಲ್ಲಿನ ರಚನೆಗಳಿವೆ. ಕೆಲವು ಮೊಣಕಾಲೆತ್ತರ, ಕೆಲವು ನಮ್ಮ ತಲೆ ಮೀರಿ ನಿಂತಿವೆ. ಕಾಲ ಕ್ರಿ.ಪೂ. 800ರಿಂದ ಕ್ರಿ.ಪೂ. 200 ಅಂತ ಲೆಕ್ಕ. ಅಂದರೆ ಕಬ್ಬಿಣ ಬಂದಾಗಿತ್ತು. ಯುರೋಪಿನ ಇಂಥ ಗೋರಿಗಳು ಇನ್ನೂ ಹಳೆಯವು, ನವಶಿಲಾಯುಗದವು. ಐರ್ಲೆಂಡಿನ ಕಲ್ಲುಗೋರಿ ಪೌಲ್ನಬ್ರೋನ್‌ಗೆ 5000 ವರ್ಷ ದಾಟಿದೆ. ಫೋಟೋ ಪಕ್ಕ ಪಕ್ಕ ಇಟ್ಟರೆ ಅಕ್ಕ ತಂಗಿ ಇದ್ದಹಾಗೆ. ಅಲ್ಲಿನ ಹಳ್ಳಿಯವರು ಇಂಥ ಕಲ್ಲುಗಳನ್ನು ಓಡಿಹೋದ ಪ್ರೇಮಿಗಳಾದ ಡೈರ್ಮಿಡ್ ಮತ್ತು ಗ್ರಾನ್ಯಾ ಮಲಗಿದ ಹಾಸಿಗೆ ಅಂದರು. ನಮ್ಮವರು ಪಾಂಡವರ ಮನೆ, ಮೋರೇರ ಮನೆ ಅಂದರು. ಅದೆಲ್ಲ ಚೆಂದವೇ. ಕಥೆ ಹೇಳುವ ಅಜ್ಜಿ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ರೀಲಿನವರ ಮೇಲೆ.

ಕುಳ್ಳರ ಕಥೆ ಹುಟ್ಟಿದ್ದು ಬಹುಶಃ ಈ ಗೋರಿಗಳ ಕಿಂಡಿಯಿಂದ. ಸುತ್ತ ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿರುತ್ತಾರೆ. ಮುಂದಿನ ಚಪ್ಪಡಿಯಲ್ಲಿ ದುಂಡಗೆ ಒಂದು ಕಿಂಡಿ. ಮಗು ನುಸುಳಬಹುದು, ನಾನಾದರೆ ಹೆಚ್ಚೆಂದರೆ ಭುಜದ ತನಕ ಹೋಗಬಹುದು. ಇದೇ ಬಾಗಿಲು ಅಂದುಕೊಂಡರೆ ಒಳಗಿದ್ದವರು ಕುಳ್ಳರೇ ಆಗಬೇಕಲ್ವಾ? ಆದರೆ 1947ರಲ್ಲಿ ಪುರಾತತ್ವಜ್ಞ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಇಂಥದೇ ಕಿಂಡಿಯ ಕಲ್ಲುಗೋರಿಗಳಲ್ಲಿ ಸಿಕ್ಕಿದ್ದು ಬಿಡಿ ಬಿಡಿ ಮೂಳೆ, ಅದೂ ಹಲವರದ್ದು. ಜೊತೆಗೆ ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು. ಹೆಣ ಬೇರೆಲ್ಲೋ ಕರಗಿದ ಮೇಲೆ ಮೂಳೆ ಆರಿಸಿ ತಂದು ಇಡುತ್ತಿದ್ದರು. ಮೂಳೆ ಇಳಿಸಲು ಎಷ್ಟು ದೊಡ್ಡ ಬಾಗಿಲು ಬೇಕು?

ಇನ್ನು ಕಲ್ಲು. ಹಿರೇಬೆಣಕಲ್ ಗೋರಿಗಳ ಪಕ್ಕದಲ್ಲೇ ಒಂದು ಹೊಂಡವಿದೆ. ನೀರು ನಿಂತಿರುತ್ತದೆ. ಚಪ್ಪಡಿ ಎಬ್ಬಿಸಿದ ಜಾಗ ಅದು. ಅಲ್ಲಿನ ಬಂಡೆ ಈರುಳ್ಳಿ ಹಾಗೆ ಪದರ ಪದರವಾಗಿ ಬಿಡುತ್ತದೆ. ದೂರದಿಂದ ಹೊತ್ತು ತಂದ ಪವಾಡ ಏನೂ ಇಲ್ಲ. ಅದಕ್ಕೆ ಬೇಕಾದ್ದು ಬಂಡೆಯ ಗುಣ ಗೊತ್ತಿರುವ ಕೈ. ಇಷ್ಟು ಸರಳ ಮಾತನ್ನು ಒಪ್ಪುವುದಕ್ಕೆ ನಮಗೇಕೆ ಇಷ್ಟು ಕಷ್ಟ? ನಮ್ಮ ಹಾಗೇ ಅನ್ನ ತಿನ್ನುವ, ಬೆನ್ನು ನೋಯುವ ಜನ ಇದನ್ನು ಮಾಡಿದರು ಅಂದರೆ ಮಜಾ ಇಲ್ಲ. ನಿಧಿ ಕಳ್ಳರದ್ದೂ ಇದೇ ಬುದ್ಧಿ. ಸುಮ್ನೆ ಮೂಳೆಗಾಗಿ ಯಾರು ಇಷ್ಟು ದುಡಿಯುತ್ತಾರೆ, ಒಳಗೆ ಬಂಗಾರವೇ ಇರಬೇಕು ಅಂತ ಚಪ್ಪಡಿ ಉರುಳಿಸಿ ನೆಲ ಬಗೆಯುತ್ತಾರೆ. ಸಿಗುವುದು ಮಡಕೆ ಚೂರು. 2021ರಲ್ಲಿ ಈ ಜಾಗ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಬಿದ್ದ ಚಪ್ಪಡಿ ಬಿದ್ದಲ್ಲೇ ಇದೆ.

ನನ್ನ ಸೋದರಮಾವ ಮೂವತ್ತು ವರ್ಷ ಕಲ್ಲು ಒಡೆದವರು. ಆ ರೀಲ್ ಅವರಿಗೆ ತೋರಿಸಿದೆ. ಮ್ಯೂಸಿಕ್ ಜಾಸ್ತಿ ಆಯಿತು ಅಂತ ಸೌಂಡ್ ತೆಗೆಸಿದರು. ಕುಳ್ಳರ ಬಗ್ಗೆ ಏನೂ ಕೇಳಲಿಲ್ಲ. ಒಂದು ಚಪ್ಪಡಿ ಬಂದಾಗ ನಿಲ್ಲಿಸು ಅಂದರು. ಎರಡು ಬೆರಳಿನಿಂದ ದೊಡ್ಡದು ಮಾಡಿ, ಕನ್ನಡಕ ಹಣೆಗೇರಿಸಿ, ಅಂಚನ್ನೇ ಬಹಳ ಹೊತ್ತು ನೋಡಿದರು.

"ಅಳಿಯಾ, ಎಳಿ ಹಿಡದು ಸೀಳ್ಯಾರ ನೋಡು. ಎಲ್ಲೂ ಹೊಡತ ತಪ್ಪಿಲ್ಲ. ಆದ್ರ ಈ ಬಲಗಡಿ ಮೂಲಿ ಬ್ಯಾರೇದವ ಹೊಡದಾನ, ಕಲಿಯಾಕ ಬಂದಾಂವ ಇರಬೇಕು."