ತರಬೇತಿ ಅಧಿಕಾರಿಗಳ ಕ್ರೀಡಾಕೂಟ ನಮ್ಮ ಕಾರವಾರದಲ್ಲಿ ನಡೆಯಲಿ

ಹೊಸದಾಗಿ ಆಯ್ಕೆಯಾದ ಅಧಿಕಾರಿಗಳ ಕ್ರೀಡಾಕೂಟ, ಸಾಂಸ್ಕೃತಿಕ ಸ್ಪರ್ಧೆಯ ಫೋಟೋ ಪೇಪರಿನಲ್ಲಿ ಬಂದಾಗಲೆಲ್ಲ ಒಂದೇ ಮಾತು ಕೇಳಿಬರುತ್ತದೆ. ಮೊನ್ನೆ ಬೈತಖೋಲದಲ್ಲಿ ಚಾ ಕುಡಿಯುವಾಗಲೂ ಒಬ್ಬರು ಕೇಳಿದರು: "ಜನರ ದುಡ್ಡಲ್ಲಿ ಇವ್ರಿಗೆ ಓಟ, ಕುಣಿತ ಎಲ್ಲ ಎಂತಕ್ಕೆ ಮಾಸ್ತರ್ರೇ? ಅರ್ಜಿ ತಗೊಂಡು ಬೇಗ ಕೆಲಸ ಮಾಡಿಕೊಡೋದು ಕಲಿಸಿದ್ರೆ ಸಾಕು." ಕಚೇರಿಗೆ ಅಲೆದು ಚಪ್ಪಲಿ ಸವೆಸಿಕೊಂಡವರ ಮಾತು ಅದು, ತಳ್ಳಿಹಾಕಲಾಗದು. ಆದರೂ ನಾನು ಒಪ್ಪುವುದಿಲ್ಲ. ದೈಹಿಕ ಶಿಕ್ಷಕನಾಗಿ ಸರ್ಕಾರಿ ನೌಕರರ ಕ್ರೀಡಾಕೂಟಗಳಲ್ಲಿ ಸೀಟಿ ಊದಿದವನು ನಾನು. ತರಬೇತಿಯಲ್ಲಿರುವ ಅಧಿಕಾರಿಗೆ ಕಂದಾಯ ಕಾಯ್ದೆಯ ಪಾಠ ಎಷ್ಟು ಮುಖ್ಯವೋ ಮೈದಾನವೂ ಅಷ್ಟೇ ಮುಖ್ಯ ಅಂತ ನಂಬಿದ್ದೇನೆ. ನನ್ನ ತಕರಾರು ಬೇರೆ. ಈ ಕೂಟಗಳು ತರಬೇತಿ ಸಂಸ್ಥೆಯ ಕಾಂಪೌಂಡಿನೊಳಗೇ, ಅಧಿಕಾರಿಗಳ ನಡುವೆಯೇ ಮುಗಿದುಹೋಗುತ್ತವೆ. ಅವು ಜಿಲ್ಲೆಗಳಿಗೆ ಬರಬೇಕು, ಮೊದಲು ನಮ್ಮ ಜಿಲ್ಲೆಗೆ.

ಈ ಮಕ್ಕಳು ಯಾವ ದಾರಿಯಿಂದ ಬಂದವರು ನೋಡಿ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಒಂದು ರೂಮು, ಒಂದು ಟೇಬಲ್ಲು, ಪುಸ್ತಕದ ರಾಶಿ. ಪ್ರಿಲಿಮ್ಸ್, ಮೇನ್ಸ್, ಸಂದರ್ಶನ ಎಲ್ಲವನ್ನೂ ಒಬ್ಬೊಬ್ಬರೇ ಎದುರಿಸಿ ಗೆದ್ದವರು. ಪಕ್ಕದ ರೂಮಿನ ಗೆಳೆಯನೂ ಅಲ್ಲಿ ಪ್ರತಿಸ್ಪರ್ಧಿ. ಹಾಗೆ ವರ್ಷಗಟ್ಟಲೆ ಒಂಟಿಯಾಗಿ ಓದಿದವರನ್ನು ತಂದು, ನೂರಾರು ಜನ ಕೆಲಸ ಮಾಡುವ ಕಚೇರಿಯ ಮುಖ್ಯಸ್ಥರ ಕುರ್ಚಿಯಲ್ಲಿ ಕೂರಿಸುತ್ತೇವೆ. ಐಎಎಸ್ ಅಧಿಕಾರಿಗಳನ್ನು ತಯಾರು ಮಾಡುವ ಮಸ್ಸೂರಿಯ ಅಕಾಡೆಮಿಯಲ್ಲಿ ದಶಕಗಳಿಂದಲೂ ಬೇರೆ ಬೇರೆ ಸೇವೆಗಳ ಹೊಸಬರಿಗೆ ಒಟ್ಟಿಗೆ ಬುನಾದಿ ತರಬೇತಿ ಕೊಡುವುದರ ಹಿಂದಿನ ಕಾರಣವೂ ಇದೇ. ಅಲ್ಲಿ ಬೆಟ್ಟ ಹತ್ತಿಸುತ್ತಾರೆ, ಹಳ್ಳಿಯಲ್ಲಿ ಉಳಿಸುತ್ತಾರೆ, ತಮ್ಮ ತಮ್ಮ ರಾಜ್ಯದ ಉಡುಗೆ, ಅಡುಗೆ, ಹಾಡು ತಂದು ಒಂದು ದಿನ ಹಬ್ಬ ಮಾಡಿಸುತ್ತಾರೆ. ನಮ್ಮಲ್ಲಿಯೂ ಗೆಜೆಟೆಡ್ ಪ್ರೊಬೇಷನರ್ಸ್ ಪರೀಕ್ಷೆ ಬರೆದವರಲ್ಲಿ ಒಬ್ಬರು ಉಪವಿಭಾಗಾಧಿಕಾರಿ, ಒಬ್ಬರು ಡಿವೈಎಸ್ಪಿ, ಇನ್ನೊಬ್ಬರು ತಹಶೀಲ್ದಾರ್, ಮತ್ತೊಬ್ಬರು ವಾಣಿಜ್ಯ ತೆರಿಗೆ ಅಧಿಕಾರಿ ಆಗುತ್ತಾರೆ. ಮುಂದೆ ಇವರೆಲ್ಲ ಒಂದೇ ಜಿಲ್ಲೆಯಲ್ಲಿ ಎದುರುಬದುರಾಗುವವರೇ.

ಶಾಲೆಯ ಮಕ್ಕಳಿಗೆ ರಿಲೇ ಕಲಿಸುವಾಗ ನಾನು ಹೆಚ್ಚು ಹೊತ್ತು ಓಡಿಸುತ್ತಿರಲಿಲ್ಲ, ಬ್ಯಾಟನ್ ಬದಲಿಸುವುದನ್ನೇ ಮತ್ತೆ ಮತ್ತೆ ಮಾಡಿಸುತ್ತಿದ್ದೆ. ನಾಲ್ವರು ತಲಾ ನೂರು ಮೀಟರ್ ಓಡುವ ರಿಲೇಯಲ್ಲಿ ಬದಲಾವಣೆಗೆ ಸಿಗುವುದು 30 ಮೀಟರ್ ಜಾಗ. ಅಷ್ಟರೊಳಗೆ ಕೊಡುವವನು ವೇಗ ಇಳಿಸಬಾರದು, ತೆಗೆದುಕೊಳ್ಳುವವನು ಹಿಂದೆ ತಿರುಗಿ ನೋಡದೆ ಕೈ ಚಾಚಬೇಕು. ಸರ್ಕಾರಿ ಕಚೇರಿಯ ಪ್ರಭಾರ ಹಸ್ತಾಂತರವೂ ನನಗೆ ಹಾಗೆಯೇ ಕಾಣುತ್ತದೆ. ಹಳೆಯ ಅಧಿಕಾರಿ ಸಿಟಿಸಿಗೆ, ಅಂದರೆ ಪ್ರಭಾರ ಹಸ್ತಾಂತರದ ಪತ್ರಕ್ಕೆ, ಸಹಿ ಹಾಕಿ ಹೊರಡುತ್ತಾರೆ, ಹೊಸಬರು ಬಂದು ಕೂರುತ್ತಾರೆ. ನಡುವೆ ಬಿದ್ದುಹೋಗುವುದು ಯಾರದೋ ಮನೆ ಕುಸಿದ ಪರಿಹಾರದ ಅರ್ಜಿ, ಯಾರದೋ ವೃದ್ಧಾಪ್ಯ ವೇತನ. "ಹಿಂದಿನ ಸಾಹೇಬ್ರು ಹೇಳಿದ್ರು, ಈಗಿನವ್ರಿಗೆ ಗೊತ್ತಿಲ್ಲ" ಎನ್ನುವ ಮಾತು ಈ ಜಿಲ್ಲೆಯಲ್ಲಿ ಕೇಳದವರಿಲ್ಲ. ಬ್ಯಾಟನ್ ಕೆಳಗೆ ಬಿದ್ದರೆ ಇಡೀ ತಂಡ ಸೋಲುತ್ತದೆ ಅಂತ ಒಮ್ಮೆ ಮೈಯಲ್ಲಿ ಅನುಭವಿಸಿದವರು, ಮುಂದೆ ವರ್ಗವಾಗಿ ಹೊರಡುವಾಗ ಇನ್ನೊಂದು ಗಂಟೆ ಕೂತು ಬಾಕಿ ಕಡತಗಳನ್ನು ಬಿಡಿಸಿ ಹೇಳಿಯಾರು ಎಂಬುದು ನನ್ನ ಆಸೆ.

ಅಧಿಕಾರಿಗೆ ಮೈ ಪಳಗಿರಬೇಕೆಂಬುದು ಹೊಸ ವಿಚಾರವೇನಲ್ಲ. ಬ್ರಿಟಿಷರ ಕಾಲದ ನಾಗರಿಕ ಸೇವೆಯಾದ ಐಸಿಎಸ್‌ನಲ್ಲಿ ಕುದುರೆ ಸವಾರಿಗೇ ಪರೀಕ್ಷೆ ಇತ್ತು. ಅರವಿಂದ ಘೋಷರು ಲಿಖಿತ ಪರೀಕ್ಷೆ ಪಾಸಾಗಿಯೂ ಸವಾರಿ ಪರೀಕ್ಷೆಗೆ ಹೋಗದೆ ಆ ಸೇವೆಯಿಂದ ಹೊರಗುಳಿದರು. ಮಸ್ಸೂರಿಯಲ್ಲಿ ಈಗಲೂ ಸವಾರಿ ಕಲಿಸುತ್ತಾರೆ. ನಮ್ಮ ಉತ್ತರ ಕನ್ನಡಕ್ಕೆ ಬೇಕಾದ್ದು ಕುದುರೆಯಲ್ಲ, ಈಜು ಮತ್ತು ನಡಿಗೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಹರಿಯುವ ಜಿಲ್ಲೆ ಇದು. ಜೊಯಿಡಾದ ಕಾಡಿನೊಳಗಿನ ಮಜರೆಗಳಿಗೆ ಮಳೆಗಾಲದಲ್ಲಿ ಜೀಪು ಹೋಗುವುದಿಲ್ಲ. ಸಮುದ್ರವನ್ನೇ ನೋಡದೆ ಬೆಳೆದ ಬೀದರ, ಕೋಲಾರದ ಹುಡುಗ ಹುಡುಗಿಯರು ಇಲ್ಲಿಗೆ ಬಂದು, ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಇರುವ ಮೀನುಗಾರಿಕೆ ನಿಷೇಧದ ಕಡತ ನೋಡಬೇಕಾಗುತ್ತದೆ. ಭರತ ಯಾವಾಗ, ಇಳಿತ ಯಾವಾಗ, ಗಾಳಿ ಯಾವ ಕಡೆಯಿಂದ ಬೀಸಿದರೆ ದೋಣಿ ತಿರುಗಿ ಬರುತ್ತದೆ ಎಂಬುದನ್ನು ಆ ಕಡತ ಹೇಳುವುದಿಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಬಿತ್ತು. ಕಂದಾಯ, ಪೊಲೀಸ್, ಅಗ್ನಿಶಾಮಕ, ಎನ್‌ಡಿಆರ್‌ಎಫ್, ನೌಕಾಪಡೆ ಎಲ್ಲರೂ ಒಂದೇ ದಂಡೆಯ ಮೇಲೆ ನಿಲ್ಲಬೇಕಾಯಿತು, ಹುಡುಕಾಟ ಸೆಪ್ಟೆಂಬರ್‌ವರೆಗೂ ಎಳೆಯಿತು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಮುರಿದು ಲಾರಿಯೊಂದು ನೀರಿಗೆ ಬಿದ್ದಾಗ, ಚಾಲಕನನ್ನು ಜೀವಸಹಿತ ಮೇಲೆತ್ತಿದವರು ಪೊಲೀಸರು ಮತ್ತು ಇಲ್ಲಿನ ಮೀನುಗಾರರು. ಅಂಥ ರಾತ್ರಿ ಯಾರಿಗೆ ಫೋನ್ ಮಾಡಬೇಕು, ಯಾರ ದೋಣಿ ಎಲ್ಲಿದೆ, ಯಾರಿಗೆ ನದಿಯ ಸುಳಿ ಗೊತ್ತು ಎಂಬುದು ಆದೇಶ ಹೊರಡಿಸಿ ತಿಳಿಯುವ ವಿಷಯವಲ್ಲ. ಮೊದಲೇ ಒಟ್ಟಿಗೆ ಹಗ್ಗ ಜಗ್ಗಿದವರಿಗೆ, ಒಂದೇ ಬಕೆಟಿನ ಮಜ್ಜಿಗೆ ಕುಡಿದವರಿಗೆ ಹೆಸರು ಹಿಡಿದು ಕರೆಯುವ ಸಲಿಗೆ ಇರುತ್ತದೆ.

ಆಟ ಕಲಿಸುವ ಇನ್ನೊಂದು ವಿಷಯವಿದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಒಂದು ಕೂಟದಲ್ಲಿ ವಾಲಿಬಾಲ್ ಆಡುತ್ತಿದ್ದ ಹಿರಿಯ ಅಧಿಕಾರಿಯೊಬ್ಬರು ನೆಟ್ ಮುಟ್ಟಿದರು. ನಾನು ಸೀಟಿ ಊದಿದೆ. "ಬಿಡಿ ಮಾಸ್ತರ್ರೇ, ಸಾಹೇಬ್ರಲ್ವಾ" ಎಂದು ಅವರ ಎದುರು ತಂಡದವರೇ ಹೇಳಿದರು! ಪಾಯಿಂಟ್ ಕಳೆದುಕೊಳ್ಳಬೇಕಾದ ಅಧಿಕಾರಿ ಸುಮ್ಮನೆ ನಿಂತಿದ್ದರು. ಆ ಮೌನ ನನಗೆ ಇವತ್ತಿಗೂ ನೋಯುತ್ತದೆ. ಮತ್ತೊಂದು ಸಲ ಕಬಡ್ಡಿಯಲ್ಲಿ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬ, ಯಾರೂ ಗಮನಿಸದಿದ್ದರೂ ತಾನೇ ಕೈ ಎತ್ತಿ "ಮುಟ್ಟಿದ್ದಾರೆ ಸರ್" ಎಂದು ಅಂಗಳದಿಂದ ಹೊರಗೆ ನಡೆದ. ಮುಟ್ಟಿ ಔಟ್ ಮಾಡಿದವನು ಅವನದೇ ಕಚೇರಿಯ ಅಟೆಂಡರ್. ಮಸ್ಸೂರಿ ಅಕಾಡೆಮಿಯ ಧ್ಯೇಯವಾಕ್ಯ 'ಶೀಲಂ ಪರಮ ಭೂಷಣಂ', ಒಳ್ಳೆಯ ನಡತೆಯೇ ಶ್ರೇಷ್ಠ ಆಭರಣ ಅಂತ. ಅದರ ಅರ್ಥ ಅವತ್ತು ಕಬಡ್ಡಿ ಅಂಗಳದಲ್ಲಿ ಕಂಡಿತು. ಅದಕ್ಕೇ ಹೇಳುವುದು, ಪ್ರೊಬೇಷನರ್‌ಗಳು ತಮ್ಮತಮ್ಮಲ್ಲೇ ಆಡಿದರೆ ಸಾಲದು. ಹೋಮ್‌ಗಾರ್ಡ್, ಲೈನ್‌ಮನ್, ಪೌರಕಾರ್ಮಿಕ, ಆಶಾ ಕಾರ್ಯಕರ್ತೆ, ಬಂದರಿನ ಹುಡುಗರು ಎದುರು ತಂಡದಲ್ಲಿರಬೇಕು. ಅವರ ಕೈಯಲ್ಲಿ ಸೋಲಬೇಕು, ಸೋತು ಕೈ ಕುಲುಕಬೇಕು.

ಇನ್ನು ಸಾಂಸ್ಕೃತಿಕ ಭಾಗ. ಕಾರವಾರಕ್ಕೆ ಇದರಲ್ಲಿ ಒಂದು ಹಳೆಯ ಹಕ್ಕೇ ಇದೆ. 1863ರಲ್ಲಿ ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರು ಸ್ವತಃ ಹಾಡು ಕಟ್ಟುವವರು. 1880ರ ದಶಕದ ಆರಂಭದಲ್ಲಿ ತಮ್ಮ ರವೀಂದ್ರನಾಥರು ಅಣ್ಣನ ಮನೆಗೆ ಬಂದು ಉಳಿದದ್ದು, ಕಾಳಿ ನದಿಯಲ್ಲಿ ದೋಣಿ ಏರಿ ಹೋದದ್ದು, ಇಲ್ಲಿಯೇ ಒಂದು ನಾಟಕ ಬರೆದದ್ದು ನಮಗೆಲ್ಲ ಗೊತ್ತು. ಕಡಲತೀರಕ್ಕೆ ಕವಿಯ ಹೆಸರಿಟ್ಟೆವು, ಅಣ್ಣನ ನೆನಪು ಅಷ್ಟಾಗಿ ಆಗುವುದಿಲ್ಲ. ಅಧಿಕಾರಿಯ ಮನೆಯಲ್ಲಿ ಹಾಡು, ನಾಟಕ ಇರುವುದಕ್ಕೆ ಈ ಊರು ಸಾಕ್ಷಿ.

ಸ್ಪರ್ಧೆಗಳಲ್ಲಿ ಸಿನಿಮಾ ಹಾಡಿಗೆ ಗುಂಪು ನೃತ್ಯ ಮಾಡುವುದನ್ನು ನಾನು ಬೇಡ ಅನ್ನುವುದಿಲ್ಲ, ಅದರಲ್ಲಿ ಖುಷಿ ಇದೆ. ಆದರೆ ಶಿರಸಿ, ಸಿದ್ದಾಪುರದ ಕಡೆ ಒಂದು ರಾತ್ರಿ ಈ ಮಕ್ಕಳನ್ನು ತಾಳಮದ್ದಲೆಗೆ ಕೂರಿಸಬೇಕು, ಮರುದಿನ ಅವರಿಂದಲೇ ಒಂದು ಗಂಟೆಯದ್ದು ಮಾಡಿಸಬೇಕು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಪಾತ್ರ ವಹಿಸಿದ ಅರ್ಥಧಾರಿ ಅಲ್ಲೇ ಹುಟ್ಟಿದ ಮಾತಿನಲ್ಲಿ ವಾದಿಸಬೇಕು. ವಾಲಿವಧೆ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ನಾಟಿಸಿಕೊಂಡು ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಿನಗೂ ನನಗೂ ಏನು ವೈರ ಎಂದು ರಾಮನನ್ನು ಕೇಳುತ್ತಾನೆ. ರಾಮನ ಪಾತ್ರ ಹಿಡಿದವರು ಉತ್ತರ ಕೊಡಲೇಬೇಕು, ಎದ್ದು ಹೋಗುವ ಹಾಗಿಲ್ಲ, "ನಿಯಮದಂತೆ ಕ್ರಮ ಕೈಗೊಳ್ಳಲಾಗಿದೆ" ಅಂತ ಮುಗಿಸುವ ಹಾಗೂ ಇಲ್ಲ. ಎದುರು ಕೂತ ಅಡಿಕೆ ತೋಟದ ಹೆಗಡೇರು, ನಾಯ್ಕರು ಆ ಉತ್ತರವನ್ನು ತೂಗಿ ನೋಡುತ್ತಾರೆ. ಒಂದು ದಿನ ರಾಮನಾದವರು ಮರುದಿನ ವಾಲಿಯಾಗಲಿ. ಅರಣ್ಯ ಅತಿಕ್ರಮಣದ ಅರ್ಜಿ ಹಿಡಿದು ತಲೆಮಾರುಗಳಿಂದ ಕಾಯುತ್ತಿರುವವರ ಮುಂದೆ ನಾಳೆ ಕೂರಬೇಕಾದವರಿಗೆ ಇದಕ್ಕಿಂತ ಒಳ್ಳೆಯ ತಾಲೀಮು ನನಗೆ ತೋಚುವುದಿಲ್ಲ.

ಅಂಕೋಲಾದ ಹಾಲಕ್ಕಿ ಸಮುದಾಯದ ಹೆಣ್ಣುಮಕ್ಕಳ ಹಾಡು ಕೇಳಲಿ. 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರು ಹಾಡಿನ ಜೊತೆಗೆ ಸಾರಾಯಿ ವಿರುದ್ಧದ ಹೋರಾಟಕ್ಕೂ ನಿಂತವರು. ಅವರು ಈಗ ಇಲ್ಲ, ಹಾಡು ಕಲಿತವರು ಇದ್ದಾರೆ. ಅಬಕಾರಿ ಇಲಾಖೆಗೆ ಹೋಗುವ ಹುಡುಗಿ ಅವರ ಜೊತೆ ಒಂದು ಮಧ್ಯಾಹ್ನ ಕೂತರೆ, ಕುಡಿತ ಒಂದು ಮನೆಗೆ ಏನು ಮಾಡುತ್ತದೆ ಎಂದು ಕೇಳಿ ತಿಳಿಯುತ್ತಾಳೆ. ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿಗಳ ಡಮಾಮಿ ಕುಣಿತ ವೇದಿಕೆಗೆ ಬರಲಿ, ಅವರ ಹುಡುಗರು ಓಟಕ್ಕೂ ಬರಲಿ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಶುರು ಮಾಡಿತ್ತು, ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಪದಕ ತರಬಹುದಾಗಿದ್ದ ಎಷ್ಟೋ ಕಾಲುಗಳು ಕೂಲಿಗೆ ಹೋದವು. ಯೋಜನೆಯೊಂದು ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂದು ನೂರು ಮೀಟರ್ ಓಟದಲ್ಲಿ ಅವರ ಪಕ್ಕ ನಿಂತ ಯುವ ಅಧಿಕಾರಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯವರಿಗೆ, ನಮ್ಮ ಜಿಲ್ಲಾಡಳಿತಕ್ಕೆ ನನ್ನ ಬೇಡಿಕೆ ಇಷ್ಟು. ಮುಂದಿನ ತಂಡದ ಕೂಟವನ್ನು ಕಾರವಾರಕ್ಕೆ ಕೊಡಿ. ಮಳೆ ಪೂರ್ತಿ ಹೋದ ಮೇಲೆ, ಡಿಸೆಂಬರ್ ಆದರೆ ಒಳ್ಳೆಯದು. ಅಥ್ಲೆಟಿಕ್ಸ್, ಕಬಡ್ಡಿ ಮಾಲಾದೇವಿ ಮೈದಾನದಲ್ಲಿ, ವಾಲಿಬಾಲ್ ಮತ್ತು ಹಗ್ಗ ಜಗ್ಗಾಟ ಟಾಗೋರ್ ಕಡಲತೀರದ ಮರಳಲ್ಲಿ. ತಂಡಗಳನ್ನು ಇಲಾಖೆವಾರು ಮಾಡಬೇಡಿ, ಚೀಟಿ ಎತ್ತಿ ಮಾಡಿ. ಉದ್ಘಾಟನಾ ಭಾಷಣಗಳನ್ನು ಸಂಜೆಗೆ ಇಡಿ, ಬಿಸಿಲೇರುವ ಮೊದಲು ಓಟ ಮುಗಿಯಲಿ. ಜೊಯಿಡಾ, ಮುಂಡಗೋಡದಿಂದ ಬರುವ ಆಟಗಾರರಿಗೆ ಬಸ್ಸು, ಊಟ, ಉಳಿಯುವ ವ್ಯವಸ್ಥೆ ಅಧಿಕಾರಿಗಳಿಗೆ ಇರುವಂಥದ್ದೇ ಇರಲಿ. ಟ್ರ್ಯಾಕಿಗೆ ಸುಣ್ಣದ ಗೆರೆ ಎಳೆಯಲು, ಅಂಪೈರಿಂಗ್ ಮಾಡಲು ನಾವು ನಿವೃತ್ತ ದೈಹಿಕ ಶಿಕ್ಷಕರು ಬರುತ್ತೇವೆ, ಭತ್ಯೆ ಬೇಡ. ಒಪ್ಪುವವರು ಇದನ್ನು ನಿಮ್ಮ ತಾಲೂಕಿನ ನೌಕರರ ಸಂಘದವರಿಗೆ, ಯುವಕ ಸಂಘದವರಿಗೆ ಕಳಿಸಿ. ಮನವಿಪತ್ರ ನಾನು ಬರೆದಿಟ್ಟಿದ್ದೇನೆ, ಸಹಿ ಹಾಕುವವರು ಈ ಭಾನುವಾರ ಬೆಳಿಗ್ಗೆ ಮಾಲಾದೇವಿ ಮೈದಾನಕ್ಕೆ ಬನ್ನಿ.