ಎರಡು ಮಾರು ಬೆಳಕು

ನಮ್ಮ ದೊಡ್ಡಪ್ಪ ಮೈಸೂರಿನ ಹಳೆ ಮನೆ ಖಾಲಿ ಮಾಡುವಾಗ ಎಲ್ಲರಿಗೂ ಏನಾದರೊಂದು ಸಿಕ್ಕಿತು. ಅಕ್ಕನಿಗೆ ಹಿತ್ತಾಳೆ ಹಂಡೆ. ತಮ್ಮನಿಗೆ ತೇಗದ ಕುರ್ಚಿ. ನನಗೆ ಒಂದು ಕ್ಯಾಮೆರಾ. ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್, 1973ರಲ್ಲಿ ಬಂದ ಮಾಡೆಲ್. ಹಂಡೆಗೆ ಅಕ್ಕ ಇವತ್ತಿನವರೆಗೆ ಹುಣಿಸೆಹಣ್ಣು ಬಿಟ್ಟು ಬೇರೇನೂ ಖರ್ಚು ಮಾಡಿಲ್ಲ. ನನ್ನ ಖರ್ಚಿನ ಲೆಕ್ಕ ಇನ್ನೂ ಮುಗಿದಿಲ್ಲ.

ಇದು ರೇಂಜ್‌ಫೈಂಡರ್ ಕ್ಯಾಮೆರಾ. ಕಿಂಡಿಯಲ್ಲಿ ನೋಡಿದರೆ ಎದುರಿಗಿರುವವರಿಗೆ ಎರಡು ಮೂಗು. ಲೆನ್ಸಿನ ಉಂಗುರ ತಿರುಗಿಸುತ್ತಾ ಎರಡೂ ಮೂಗನ್ನು ಒಂದು ಮಾಡಿದರೆ ಫೋಕಸ್ ಆಯ್ತು ಅಂತ ಅರ್ಥ. ಕಿಂಡಿಯೇ ಬೇರೆ, ಲೆನ್ಸೇ ಬೇರೆ. ಹಾಗಾಗಿ ಲೆನ್ಸಿನ ಮುಚ್ಚಳ ತೆಗೆಯದಿದ್ದರೂ ಕಿಂಡಿಯಲ್ಲಿ ಲೋಕ ಚೆನ್ನಾಗೇ ಕಾಣುತ್ತದೆ. ಮೊದಲ ರೋಲಿನ ಮೊದಲ ಹನ್ನೊಂದು ಫೋಟೋ ನಾನು ಮುಚ್ಚಳದ್ದೇ ತೆಗೆದೆ, ಒಳಗಡೆಯಿಂದ.

ಇದಕ್ಕೆಂದೇ ಮಾಡಿದ್ದ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ಬರುವುದಿಲ್ಲ. 6 ವೋಲ್ಟಿನ ಪುಟ್ಟದೊಂದನ್ನು ಹಾಕಿ, ಉಳಿದ ಜಾಗಕ್ಕೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ತುರುಕಿದೆ. ಹಸಿರು ದೀಪ ಹತ್ತಿತು! ಆವತ್ತು ನನಗಾದ ಖುಷಿ ಮನೆಯಲ್ಲಿ ಬೇರೆ ಯಾರಿಗೂ ಆಗಲಿಲ್ಲ.

ಹಗಲಿನ ಫೋಟೋಗಳು ಸೊಗಸಾಗಿ ಬಂದವು. ತೊಂದರೆ ಶುರುವಾಗಿದ್ದು ಮನೆಯೊಳಗೆ. ಲೆನ್ಸೇನೋ ಎಫ್ 1.7ರದ್ದು, ಬಾಯಿ ದೊಡ್ಡದು. ಆದರೂ 200 ಐಎಸ್‌ಒ ಫಿಲ್ಮಿಗೆ (ಐಎಸ್‌ಒ ಅಂದರೆ ಫಿಲ್ಮು ಬೆಳಕಿಗೆ ಎಷ್ಟು ಚುರುಕು ಅನ್ನುವ ಲೆಕ್ಕ) ನಮ್ಮ ಹಾಲಿನ ಟ್ಯೂಬ್‌ಲೈಟ್ ಯಾತಕ್ಕೂ ಸಾಲದು. ಕಿಂಡಿಯಲ್ಲಿ ಹಳದಿ ದೀಪ ಹತ್ತಿಕೊಂಡು 'ಸ್ಲೋ, ಸ್ಲೋ' ಅನ್ನುತ್ತದೆ. ಕೇಳದೆ ಒತ್ತಿದರೆ ಎಲ್ಲರೂ ಅಲುಗಾಡಿ ದೆವ್ವಗಳಾಗುತ್ತಾರೆ. ಫಿಲ್ಮು, ತೊಳೆಸುವುದು, ಸ್ಕ್ಯಾನು ಎಲ್ಲ ಸೇರಿಸಿದರೆ ಒಂದು ಕ್ಲಿಕ್ಕಿಗೆ ಒಂದು ಪ್ಲೇಟ್ ಇಡ್ಲಿ ಬೀಳುತ್ತದೆ. ಅಷ್ಟು ದುಡ್ಡಿಗೆ ದೆವ್ವದ ಫೋಟೋ ಯಾರಿಗೆ ಬೇಕು? ಫ್ಲ್ಯಾಶ್ ತಗೊಳ್ಳೋದೇ ಅಂತ ತೀರ್ಮಾನಿಸಿದೆ.

ದೊಡ್ಡಪ್ಪನದೇ ಒಂದು ಫ್ಲ್ಯಾಶ್ ಇತ್ತು. ಮುದ್ದೆ ತಿರುವುವ ಕೋಲಿನಷ್ಟು ಉದ್ದದ ಹಿಡಿ, ತುದಿಯಲ್ಲಿ ತಟ್ಟೆಯಂಥ ತಲೆ. ಕ್ಯಾಮೆರಾಗೆ ಸಿಕ್ಕಿಸಿ ಮೇಜಿನ ಮೇಲಿಟ್ಟರೆ ಕ್ಯಾಮೆರಾನೇ ಮಗುಚಿಕೊಂಡಿತು. ಸೆಲ್ ಹಾಕುವ ಜಾಗ ತೆಗೆದು ನೋಡಿದರೆ ಹಳೆ ಸೆಲ್ಲುಗಳು ಸೋರಿ, ಉಪ್ಪಿನಕಾಯಿ ಭರಣಿಯ ಅಂಚಿನ ಹಾಗೆ ಬಿಳಿ ಬಿಳಿ ಹೊಪ್ಪಳೆ ಕಟ್ಟಿತ್ತು. ನನ್ನ ಹೆಂಡತಿ ಇಕ್ಕಳದಲ್ಲಿ ಹಿಡಿದು ಹೊರಗಿಟ್ಟಳು. 'ಚಿಕ್ಕದು ತಗೊಳ್ಳಿ' ಅಂದಳು. ಈ ಇಡೀ ಕಥೆಯಲ್ಲಿ ಯಾರಾದರೂ ಹೇಳಿದ ಬುದ್ಧಿಯ ಮಾತು ಅಂದರೆ ಅದೊಂದೇ.

ಚಿಕ್ಕದು ಹುಡುಕಿಕೊಂಡು ಮೊದಲು ಒಂದು ದೊಡ್ಡ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಬಹಳ ಉತ್ಸಾಹಿ. 'ಸರ್, ಟಿಟಿಎಲ್ ಇದೆ, ಹೈ ಸ್ಪೀಡ್ ಸಿಂಕ್ ಇದೆ, ಬ್ಲೂಟೂತೂ ಇದೆ' ಅಂದ. ಬೋಳುತಲೆಯವನಿಗೆ ಬಾಚಣಿಗೆ ಮಾರಿದ ಹಾಗೆ. ಟಿಟಿಎಲ್ ಅಂದರೆ ಕ್ಯಾಮೆರಾನೂ ಫ್ಲ್ಯಾಶೂ ಮಾತಾಡಿಕೊಂಡು ಎಷ್ಟು ಬೆಳಕು ಬೇಕು ಅಂತ ತೀರ್ಮಾನ ಮಾಡುವುದು. ಅದಕ್ಕೆ ಫ್ಲ್ಯಾಶಿನ ಪಾದದಲ್ಲಿ ಐದಾರು ಲೋಹದ ಚುಕ್ಕೆ ಇರುತ್ತವೆ. ನನ್ನ ಕ್ಯಾಮೆರಾದ ನೆತ್ತಿಯಲ್ಲಿರುವುದು ಒಂದೇ ಚುಕ್ಕೆ. ಅದಕ್ಕೆ ಗೊತ್ತಿರುವ ಮಾತೂ ಒಂದೇ, 'ಹೊಡಿ'. ಇನ್ನು ಹೈ ಸ್ಪೀಡು, ಅಂದರೆ ಶಟರ್ ಎಷ್ಟೇ ಬೇಗ ತೆರೆದು ಮುಚ್ಚಿದರೂ ಫ್ಲ್ಯಾಶ್ ಅದಕ್ಕೆ ಜೊತೆಯಾಗುವುದು. ಈ ಕ್ಯಾಮೆರಾದ ಶಟರ್ ಲೆನ್ಸಿನೊಳಗೇ ಇರುವ ಎಲೆ ಶಟರ್. ಯಾವ ವೇಗದಲ್ಲಾದರೂ ಫ್ಲ್ಯಾಶಿಗೆ ಹೊಂದಿಕೊಳ್ಳುವ ಒಳ್ಳೆ ಜಾತಿ. ಆದರೆ ಕಂಪನಿಯವರು ಫ್ಲ್ಯಾಶ್ ಗುರುತಿಗೆ ಉಂಗುರ ತಿರುಗಿಸಿದರೆ ಮೂವತ್ತನೇ ಒಂದು ಸೆಕೆಂಡಿಗೇ ಬೀಗ ಹಾಕಿಬಿಟ್ಟಿದ್ದಾರೆ. ಓಡುವ ಕುದುರೆಗೆ ಕಾಲು ಕಟ್ಟಿದ ಹಾಗೆ. ಇದನ್ನೆಲ್ಲ ಹುಡುಗನಿಗೆ ವಿವರಿಸಿದೆ. ಅವನು ಕ್ಯಾಮೆರಾನ ತಿರುಗಿಸಿ ಮುರುಗಿಸಿ ನೋಡಿ, 'ಸರ್, ಸ್ಕ್ರೀನ್ ಎಲ್ಲಿದೆ?' ಅಂದ.

ಅಷ್ಟರಲ್ಲಿ ಹೆಂಡತಿಯ ಫೋನ್. ಹಾಟ್ ಶೂಗೆ ಸರಿಹೋಗುವಂಥದ್ದು ಸಿಗುತ್ತಿಲ್ಲ ಅಂದೆ. 'ಫ್ಲ್ಯಾಶ್ ತರ್ತೀನಿ ಅಂತ ಹೋಗಿ ಶೂ ಯಾಕೆ ನೋಡ್ತಿದ್ದೀರಿ? ಮೊನ್ನೆ ತಾನೇ ತಗೊಂಡ್ರಲ್ಲ' ಅಂದಳು. ಫ್ಲ್ಯಾಶ್ ಕೂರುವ ಆ ಜಾಗಕ್ಕೆ ಶೂ ಅಂತ ಹೆಸರಿಟ್ಟವರು ಸಂಸಾರಸ್ಥರಾಗಿರಲಿಕ್ಕಿಲ್ಲ.

ಕೊನೆಗೆ ಸಿಕ್ಕಿದ್ದು ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ. ನೆಲದ ಮೇಲೆ ಹಾಸಿದ ಟಾರ್ಪಾಲು. ಅದರ ಮೇಲೆ ಇಸ್ತ್ರಿಪೆಟ್ಟಿಗೆ, ರಿಮೋಟುಗಳು, ಒಂಟಿ ಸ್ಪೀಕರ್, ನಡುವೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಫ್ಲ್ಯಾಶ್. ಪಾದದಲ್ಲಿ ಒಂದೇ ಚುಕ್ಕೆ. ವರ ಸಿಕ್ಕಿದ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಮುಖದ ಮೇಲೆ ತೋರಿಸಿಕೊಳ್ಳಲಿಲ್ಲ. ತೋರಿಸಿದರೆ ರೇಟು ಏರುತ್ತದೆ ಅಲ್ವಾ? ಆರುನೂರು ಅಂದ ಮಾರುವವನು. ಇನ್ನೂರೈವತ್ತು ಅಂದೆ. ಅವನು ಜೇಬಿನಿಂದ ಎರಡು ಸೆಲ್ ತೆಗೆದು ಹಾಕಿ ಸ್ವಿಚ್ ಒತ್ತಿದ. ಸೊಳ್ಳೆ ಕಿವಿಯ ಹತ್ತಿರ ಬಂದಂಥ 'ಕೀಂ' ಸದ್ದು. ಸಣ್ಣದಾಗಿ ಶುರುವಾಗಿ ಕೀರಲಾಗುತ್ತಾ ಏರಿ, ಕೇಳಿಸದಷ್ಟು ಮೇಲೆ ಹೋಗಿ, ಆಮೇಲೆ ಬೆನ್ನಲ್ಲಿ ಕಿತ್ತಳೆ ದೀಪ. ಈ ಸದ್ದು ಕೇಳಿದವರಿಗೇ ಗೊತ್ತು. ಎಷ್ಟು ಮದುವೆ ಮನೆಗಳು ಕಣ್ಣಮುಂದೆ ಬಂದವು! ಮೈಮರೆತು ಪಾದದ ಚುಕ್ಕೆ ಮುಟ್ಟಿ ನೋಡಿದೆ. ಜುಂ ಅಂತು. ಹಳೆ ಫ್ಲ್ಯಾಶುಗಳ ಆ ಚುಕ್ಕೆಯಲ್ಲಿ ಇನ್ನೂರು ಮುನ್ನೂರು ವೋಲ್ಟ್ ಇರಬಹುದು. ಈಗಿನ ಡಿಜಿಟಲ್ ಕ್ಯಾಮೆರಾಗೆ ಸಿಕ್ಕಿಸಿದರೆ ಅದರ ಕಥೆ ಮುಗಿದರೂ ಮುಗಿಯಿತು. 'ಕರೆಂಟ್ ಚೆನ್ನಾಗಿದೆ ಸಾರ್, ನೋಡಿದ್ರಲ್ಲ' ಅಂದ ಅವನು. ಮುನ್ನೂರೈವತ್ತಕ್ಕೆ ಮುಗಿಯಿತು.

ಬೆನ್ನ ಮೇಲಿನ ಅಕ್ಷರ ಎಲ್ಲ ಅಳಿಸಿಹೋಗಿತ್ತು. ಉಳಿದದ್ದು ಒಂದು ಸಂಖ್ಯೆ, 46. ಇದು ಗೈಡ್ ನಂಬರ್, ಫ್ಲ್ಯಾಶಿನ ಶಕ್ತಿಯ ಅಳತೆ ಅಂತ ನನಗೆ ಗೊತ್ತು. ಆ ಸಂಖ್ಯೆಯನ್ನು ದೂರದಿಂದ ಭಾಗಿಸಿದರೆ ಅಪರ್ಚರ್ (ಲೆನ್ಸಿನ ಬಾಯಿ; ಸಂಖ್ಯೆ ದೊಡ್ಡದಾದಷ್ಟೂ ಬಾಯಿ ಚಿಕ್ಕದು) ಎಷ್ಟಿಡಬೇಕು ಅಂತ ಬರುತ್ತದೆ. 100 ಐಎಸ್‌ಒಗೆ 46 ಅಂದರೆ 200ಕ್ಕೆ ಸುಮಾರು 65. ನಾಲ್ಕು ಮೀಟರ್ ದೂರಕ್ಕೆ ಭಾಗಿಸಿದರೆ 16. ಎಷ್ಟು ಸಲೀಸು! ಭಾವಮೈದುನನ ಗೃಹಪ್ರವೇಶದಲ್ಲಿ ಲೆನ್ಸನ್ನು 16ಕ್ಕೆ ಇಟ್ಟು ಮೂವತ್ತಾರು ಫೋಟೋ ಹೊಡೆದೆ. ಇಷ್ಟು ಪುಟ್ಟ ಫ್ಲ್ಯಾಶು, ಎಷ್ಟು ಶಕ್ತಿ ನೋಡಿ ಅಂತ ಊಟದ ಪಂಕ್ತಿಯಲ್ಲಿ ಎಡಬಲದವರಿಗೆ ಹೇಳಿದ್ದೂ ಆಯಿತು.

ಸ್ಕ್ಯಾನ್ ಬಂತು. ಎಲ್ಲ ಕಪ್ಪು. ಹೋಮದ ಬೆಂಕಿ ಇದ್ದ ಕಡೆ ಮಾತ್ರ ಬೆಂಕಿ ಕಾಣುತ್ತಿತ್ತು. ಒಂದರಲ್ಲಿ ಪುರೋಹಿತರ ಕನ್ನಡಕ, ಬರೀ ಕನ್ನಡಕ. ಅಮ್ಮ ನೋಡಿ, 'ಆ ಮನೆಗೆ ಇನ್ನೂ ಕರೆಂಟ್ ಕೊಟ್ಟಿಲ್ವೇನೋ?' ಅಂದರು. ಭಾವಮೈದುನ ಈಗಲೂ ನನ್ನ ಜೊತೆ ಫೋಟೋ ವಿಷಯ ತೆಗೆಯುವುದಿಲ್ಲ.

ಫಿಲ್ಮ್ ತೊಳೆದವರಿಗೆ ಫೋನ್ ಮಾಡಿ ನಿಮ್ಮ ಕೆಮಿಕಲ್ ಸರಿ ಇದೆಯಾ ಅಂತ ಜೋರು ಮಾಡಿದೆ. ಅವರು ಸಮಾಧಾನವಾಗಿ ಎಲ್ಲ ಕೇಳಿ, 'ಸರ್, 46 ಅಂದ್ರಲ್ಲ, ಅದು ಮೀಟರ್ ಅಲ್ಲ, ಅಡಿ' ಅಂದರು. ಅಡಿಯಲ್ಲಿ 46 ಅಂದರೆ ಮೀಟರಿನಲ್ಲಿ ಬರೀ 14. ಮೀಟರಿನಲ್ಲೇ 46 ಬೇಕಿದ್ದರೆ ಇಟ್ಟಿಗೆಯಷ್ಟು ದಪ್ಪದ, ನಾಲ್ಕು ಸೆಲ್ಲಿನ ಫ್ಲ್ಯಾಶ್ ಬೇಕು. ಬೆಂಕಿಪೊಟ್ಟಣದಿಂದ ಅಷ್ಟು ಬೆಳಕು ಬರುತ್ತದೆ ಅಂತ ನಂಬಿದ್ದು ನಾನೇ. ಸುಮಾರು ಮೂರೂವರೆ ಸ್ಟಾಪ್ ತಪ್ಪು. ಒಂದೊಂದು ಸ್ಟಾಪಿಗೂ ಬೆಳಕು ಅರ್ಧ ಅರ್ಧ ಇಳಿಯುತ್ತದೆ. ಅಂದರೆ ಬೇಕಾದ ಬೆಳಕಿನಲ್ಲಿ ಹೆಚ್ಚುಕಡಿಮೆ ಹನ್ನೊಂದನೇ ಒಂದು ಪಾಲು ಮಾತ್ರ ಫಿಲ್ಮಿಗೆ ಮುಟ್ಟಿದೆ. ಫೋನಿನಲ್ಲಿ ಕ್ಷಮೆ ಕೇಳಿದೆ. ಇರಲಿ ಸರ್, ತಿಂಗಳಿಗೊಬ್ಬರು ಹೀಗೇ ಫೋನ್ ಮಾಡ್ತಾರೆ ಅಂದರು.

ಮುಂಭಾಗದಲ್ಲಿ ಪುಟ್ಟ ಕಣ್ಣಿರುವ ಆಟೋ ಫ್ಲ್ಯಾಶ್ ತಗೊಳ್ಳಿ ಅಂತಲೂ ಅವರೇ ಹೇಳಿದರು. ಹೋದ ಬೆಳಕು ಎದುರಿನವರ ಮುಖಕ್ಕೆ ತಗುಲಿ ವಾಪಸ್ ಬರುವುದನ್ನು ಅದು ತಾನೇ ಅಳೆದು, ಸಾಕು ಅನಿಸಿದಾಗ ನಿಲ್ಲಿಸಿಬಿಡುತ್ತದೆ. ಕ್ಯಾಮೆರಾ ಯಾವುದಾದರೂ ಸರಿ, ಒಂದೇ ಚುಕ್ಕೆ ಸಾಕು. ಹಳೆ ಕ್ಯಾಮೆರಾಗಳಿಗೆ ಒಪ್ಪುವ ಹಾಗೆ ಗೋಡಾಕ್ಸ್‌ನವರು ಲಕ್ಸ್ ಜೂನಿಯರ್ ಅಂತ ಒಂದು ಮಾಡಿದ್ದಾರೆ. ಗೈಡ್ ನಂಬರ್ 12, ಮೀಟರಿನಲ್ಲೇ. ನೋಡಲು ಮುದ್ದಾಗಿದೆ. ಈ ಪ್ರಸ್ತಾಪವನ್ನು ಮನೆಯಲ್ಲಿ ಮಂಡಿಸಿದೆ. ಕಪ್ಪು ಫೋಟೋಗಳ ಕವರ್ ಇನ್ನೂ ಟೀಪಾಯಿ ಮೇಲೇ ಇತ್ತು. ಪ್ರಸ್ತಾಪ ಅಲ್ಲಿಗೇ ಬಿತ್ತು.

ಹಾಗಾಗಿ ಅಕ್ಕನ ಮೊಮ್ಮಗನ ನಾಮಕರಣಕ್ಕೆ ಅದೇ ಬೆಂಕಿಪೊಟ್ಟಣ. ಹಿಂದಿನ ದಿನ ಅಡಿ, ಮೀಟರ್ ಅಂತ ಕಾಗದದಲ್ಲಿ ಗುಣಿಸಿ ಭಾಗಿಸಿ ಕೂತಿದ್ದೆ. ಹೂ ಕಟ್ಟುತ್ತಿದ್ದ ಅಮ್ಮ, 'ಏನೋ ಅದು ಅಷ್ಟು ಹೊತ್ತಿಂದ?' ಅಂದರು. ದೂರ ಅಳೆಯಬೇಕು, ಅಲ್ಲಿ ಟೇಪ್ ಹಿಡಿದು ಓಡಾಡುವುದಕ್ಕಾಗುತ್ತಾ ಅಂದೆ. 'ಮಾರು ಹಾಕಿದ್ರಾಯ್ತಪ್ಪ' ಅಂತ ಎರಡೂ ಕೈ ಚಾಚಿ ತೋರಿಸಿದರು. ಕೈಯಲ್ಲಿ ಮಲ್ಲಿಗೆ ದಂಡೆ ಹಾಗೇ ಇತ್ತು.

ಟೇಪ್ ತಂದು ಅಳೆದೆ. ಅಮ್ಮನ ಒಂದು ಮಾರು ಸರಿಯಾಗಿ ಐದು ಅಡಿ. ಹೂವಾಡಗಿತ್ತಿಯ ಮಾರಿನ ಹಾಗೆ ಗಿರಾಕಿ ನೋಡಿ ಕುಗ್ಗುವಂಥದ್ದಲ್ಲ. ಅರವತ್ತೈದನ್ನು ಐದರಿಂದ ಭಾಗಿಸಿದೆ. ಒಂದು ಚೀಟಿಯಲ್ಲಿ 'ಒಂದು ಮಾರು 11, ಎರಡು ಮಾರು 5.6, ಮೂರು ಮಾರು 4' ಅಂತ ಬರೆದು ಫ್ಲ್ಯಾಶಿನ ಬೆನ್ನಿಗೆ ಅಂಟಿಸಿದೆ. ಜಪಾನಿನವರು ಹಾಕಿದ್ದ ಕೋಷ್ಟಕ ಅಳಿಸಿಹೋದ ಜಾಗದಲ್ಲೇ ಸರಿಯಾಗಿ ಕೂತಿತು.

ಮಾರನೇ ದಿನ ತೊಟ್ಟಿಲ ಮುಂದೆ ಜನವೋ ಜನ. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಾಯಿತು. ತೊಟ್ಟಿಲಿಗೆ ಫೋಕಸ್ ಮಾಡಿದೆ. ಎರಡು ಮಗು ಒಂದಾಯಿತು. ಕಿತ್ತಳೆ ದೀಪ ಹತ್ತಿತು. ಎರಡು ಮಾರು ಇರಬೇಕು ಅಂತ 5.6ಕ್ಕೆ ಇಟ್ಟು ಬೆರಳು ಒತ್ತಿದೆ. ಅದೇ ಗಳಿಗೆಯಲ್ಲಿ ಅಮ್ಮ ನನ್ನಿಂದ ತೊಟ್ಟಿಲವರೆಗೆ ಮಾರು ಹಾಕುತ್ತಾ ಎರಡನೆಯದಕ್ಕೆ ಬಂದಿದ್ದರು.

ಆ ರೋಲಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದಿರುವುದು ಆ ಫೋಟೋನೇ. ತೊಟ್ಟಿಲು, ಮಗು, ಅಕ್ಕ ಎಲ್ಲ ಹದವಾಗಿ ಬಿದ್ದಿದ್ದಾರೆ. ನಡುವೆ ಅಮ್ಮ, ಕಬಡ್ಡಿ ಆಡುವವರ ಹಾಗೆ ಎರಡೂ ಕೈ ಚಾಚಿಕೊಂಡು, ಬಾಯಲ್ಲಿ 'ಎರಡು'. ನನ್ನ ಕಡೆಗಿರುವ ಅಂಗೈ ಸುಣ್ಣದ ಹಾಗೆ ಬೆಳ್ಳಗೆ. ಮುಖ ಸ್ವಲ್ಪ ಜಾಸ್ತಿ ಬಿಳಿ. ತೊಟ್ಟಿಲ ಅಂಚು ಮುಟ್ಟಿದ ಕೈ ಮಾತ್ರ ಸರಿಯಾದ ಬಣ್ಣ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ ಅಂತ ಹೈಸ್ಕೂಲಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆದಿದ್ದು, ಅಮ್ಮನ ಒಂದು ಕೈಯಿಂದ ಇನ್ನೊಂದು ಕೈಗೆ ಹರಡಿಕೊಂಡಿದೆ.

ಪ್ರಿಂಟ್ ಹಾಕಿಸಿ ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

'ಆ ಕಡೆ ಕೈಯಿಂದು ಬಳೆ ಚೆನ್ನಾಗಿ ಬಿದ್ದಿದೆ ಕಣೋ. ಈ ಕಡೇದು ಕಾಣ್ತಾನೇ ಇಲ್ಲ. ಇನ್ನೊಂದು ತೆಗಿ.'