ಮೊಣಕೈ ಇಡಲೊಂದು ಜಾಗ

ನನಗೆ ಎರಡು ಮೊಣಕೈಗಳಿವೆ ಎಂಬುದು ಸರಿಯಾಗಿ ಗೊತ್ತಾದದ್ದು 43ನೇ ಸಾಲಿನ ‘ಬಿ’ ಸೀಟಿನಲ್ಲಿ. ಅದಕ್ಕೆ ಮುಂಚೆಯೂ ಇದ್ದವು. ನೋವು ಬರುವವರೆಗೆ ಹಲ್ಲು ಇರುವುದಿಲ್ಲವೇ, ಹಾಗೆ. ಹದಿನಾಲ್ಕು ಗಂಟೆಯ ಹಾರಾಟ, ನನ್ನದು ನಡುವಿನ ಸೀಟು. ಎಡಗಡೆ ಕಿಟಕಿಗೆ ತಲೆಯಾನಿಸಿ, ವಿಮಾನ ಮೇಲೇಳುವ ಮೊದಲೇ ನಿದ್ದೆಹೋದ ಹುಡುಗ. ಬಲಗಡೆ, ಓಡಾಡುವ ದಾರಿಯ ಪಕ್ಕ, ಒಬ್ಬ ಅಜ್ಜಿ. ಬೆಲ್ಟು ಬಿಗಿದುಕೊಂಡು ಇನ್ನೇನು ಕೈಯೂರಬೇಕು, ಊರಲು ಜಾಗವಿಲ್ಲ. ಎಡಗಡೆ ಸೀಟಿನ ಕೈ ಮೇಲೆ ಹುಡುಗನ ಕೈ, ಬಲಗಡೆಯದರ ಮೇಲೆ ಅಜ್ಜಿಯ ಕೈ. ಗ್ರೂಪ್ ಫೋಟೊಗೆ ಮುಂದಿನ ಸಾಲಿನಲ್ಲಿ ಕೂರಿಸಿದ ಶಾಲಾ ಹುಡುಗನಂತೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತೆ.

ಇದೇ ನಾನು, ಗಂಟೆಯ ಹಿಂದಷ್ಟೇ ವಿಮಾನ ನಿಲ್ದಾಣದ ಲೌಂಜಿನ ಸೋಫಾದಲ್ಲಿ ರೆಕ್ಕೆ ಬಿಚ್ಚಿದ ಗರುಡನ ಹಾಗೆ ಕೂತಿದ್ದವನು.

ಲೌಂಜಿನೊಳಕ್ಕೆ ನನ್ನನ್ನು ಬಿಟ್ಟದ್ದು ನನ್ನ ಯೋಗ್ಯತೆ ನೋಡಿ ಅಲ್ಲ, ಪರ್ಸಿನಲ್ಲಿದ್ದ ಕಾರ್ಡು ನೋಡಿ. ಮೊದಲು ಹೀಗಿರಲಿಲ್ಲ. 1939ರಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪನಿ ಅಡ್ಮಿರಲ್ಸ್ ಕ್ಲಬ್ ಎಂಬ ಕೋಣೆ ತೆರೆದಾಗ, ಅಲ್ಲಿಗೆ ಕಂಪನಿಯೇ ಕರೆದವರು ಮಾತ್ರ ಹೋಗಬಹುದಿತ್ತು. ವಿಮಾನ ಕಂಪನಿಗಳ ಲೌಂಜುಗಳ ವಂಶವೃಕ್ಷ ಶುರುವಾಗುವುದು ಅಲ್ಲಿಂದ. ಮುಂದೆ ದುಡ್ಡು ಕೊಟ್ಟವರೂ ಸದಸ್ಯರಾದರು. 1992ರಲ್ಲಿ ಪ್ರಯಾರಿಟಿ ಪಾಸ್ ಬಂತು. ಯಾವ ಕಂಪನಿಯ ಟಿಕೆಟ್ಟಿದ್ದರೂ, ಎಂಥ ಕ್ಲಾಸಿನದಾದರೂ ಸರಿ, ಕಾರ್ಡು ತೋರಿಸಿ ಒಳಗೆ ಹೋಗಬಹುದೆಂದಾಯಿತು. ಅದಾದ ಮೇಲೆ ಬ್ಯಾಂಕುಗಳು ಆ ಭಾಗ್ಯವನ್ನು ಕ್ರೆಡಿಟ್ ಕಾರ್ಡಿಗೆ ಅಂಟಿಸಿ ಹಂಚಿದವು. ಗದ್ದಲದಿಂದ ತಪ್ಪಿಸಿಕೊಳ್ಳಲೆಂದು ಕಟ್ಟಿದ ಕೋಣೆಯ ಬಾಗಿಲಲ್ಲಿ ಈಗ ಗದ್ದಲ. ನಾನೂ ಇಪ್ಪತ್ತು ನಿಮಿಷ ಸಾಲಿನಲ್ಲಿ ನಿಂತೆ. ಅಷ್ಟು ಹೊತ್ತು ಗೇಟಿನ ಹತ್ತಿರದ ಕುರ್ಚಿಗಳೆಲ್ಲ ಖಾಲಿ ಬಿದ್ದಿದ್ದು ಕಾಣುತ್ತಲೇ ಇತ್ತು. ಆದರೆ ಖಾಲಿ ಕುರ್ಚಿಯಲ್ಲಿ ಯಾರು ಬೇಕಾದರೂ ಕೂರಬಹುದಲ್ಲ, ಅದರಲ್ಲೇನು ಸುಖ?

ಕೌಂಟರಿನ ಹುಡುಗಿ ಕಾರ್ಡನ್ನು ಯಂತ್ರಕ್ಕೆ ಕೊಟ್ಟು ಪರದೆ ನೋಡುತ್ತಾ ನಿಂತ ಮೂರು ಸೆಕೆಂಡು ಇದೆಯಲ್ಲ, ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಉಸಿರು ಹಿಡಿದಿರಲಿಲ್ಲ. ಹಸಿರು ದೀಪ ಹತ್ತಿತು. ಅಲ್ಲಿಂದ ನನ್ನ ನಡಿಗೆಯೇ ಬದಲಾಯಿತು. ಬೆನ್ನು ನೇರವಾಯಿತು, ಬ್ಯಾಗು ಹಗುರಾಯಿತು, ದನಿ ತಗ್ಗಿತು. ಲೌಂಜಿನಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ, ಫೋನಿನಲ್ಲಿ ವ್ಯಾಪಾರ ಕುದುರಿಸುವವರನ್ನು ಬಿಟ್ಟು.

ತಟ್ಟೆ ಹಿಡಿದು ಮೊದಲ ಸುತ್ತು ಹೋದಾಗ ಸಂಕೋಚವಿತ್ತು. ಅದೊಂದು ಚಮಚ, ಇದೊಂದು ಚೂರು. ಎರಡನೇ ಸುತ್ತಿಗೆ ಸಂಕೋಚ ಸೋಫಾದಲ್ಲೇ ಉಳಿಯಿತು. ಹಸಿವಿಗೂ ಲೌಂಜಿಗೂ ಸಂಬಂಧವಿಲ್ಲ. ಅಲ್ಲಿ ತಿನ್ನುವುದು ಹೊಟ್ಟೆಯಲ್ಲ, ಲೆಕ್ಕ. ಕಾರ್ಡಿನ ವಾರ್ಷಿಕ ಶುಲ್ಕ ಇಷ್ಟು, ಈ ವರ್ಷ ಬಂದದ್ದು ಎರಡೇ ಸಲ, ಹಾಗಾದರೆ ಇನ್ನೂ ಎರಡು ತುಂಡು ಕೇಕು ಬಾಕಿ ಇದೆ ಎಂಬ ಲೆಕ್ಕ. ಮೂರನೇ ಸುತ್ತಿನಲ್ಲಿ ಹಣ್ಣಿನ ಬುಟ್ಟಿ ಕಂಡಿತು. ಮೇಣ ಸವರಿದಂತೆ ಹೊಳೆಯುವ ಕೆಂಪು ಸೇಬುಗಳು. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅಂತ ಗಾದೆಯೇ ಇದೆ. ನಾನು ಸಭ್ಯಸ್ಥ, ಒಂದೇ ತೆಗೆದುಕೊಂಡೆ. ಆಚೀಚೆ ನೋಡಿ ಬ್ಯಾಗಿಗೆ ಹಾಕಿಕೊಂಡೆ. ಆಮೇಲೆ ಎರಡೂ ಮೊಣಕೈ ಹರಡಿ ಕೂತು, ಇಡೀ ಕೋಣೆಯನ್ನು ನಾನೇ ಬಾಡಿಗೆಗೆ ಕೊಟ್ಟಿದ್ದೇನೋ ಎಂಬಂತೆ ಸುತ್ತ ನೋಡಿದೆ.

ವಾಮನ ಬೆಳೆದು ತ್ರಿವಿಕ್ರಮನಾದ ಕಥೆ ಎಲ್ಲರಿಗೂ ಗೊತ್ತು. ತ್ರಿವಿಕ್ರಮನನ್ನು ಮತ್ತೆ ವಾಮನ ಮಾಡುವ ಕೆಲಸವನ್ನು ವಿಮಾನದ ಬಾಗಿಲು ಮಾಡುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಮೊದಲು ಸಿಗುವುದು ಬಿಸಿನೆಸ್ ಕ್ಲಾಸು. ಕಾಲು ಚಾಚಿ ಮಲಗುವಂಥ ಸೀಟುಗಳಲ್ಲಿ ಆಗಲೇ ನೆಲೆಯಾದವರು ನಮ್ಮನ್ನು ನೋಡದೆ ಇರುವ ಕಲೆಯನ್ನು ಚೆನ್ನಾಗಿ ಕಲಿತಿರುತ್ತಾರೆ. ಅವರನ್ನು ದಾಟಿ, ಪರದೆ ದಾಟಿ, ಬ್ಯಾಗು ಯಾರ ಮುಖಕ್ಕೂ ತಗುಲದಂತೆ ಹಿಂದಕ್ಕೆ, ಇನ್ನೂ ಹಿಂದಕ್ಕೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರಿಗೆ ಹಾಸಿಗೆ ಅಂತಾದರೂ ಒಂದಿತ್ತು.

ನನ್ನ ಸೀಟಿನ ಅಗಲ ಸುಮಾರು 17 ಇಂಚು. ಮುಂದಿನ ಸೀಟಿಗೂ ನನ್ನದಕ್ಕೂ ನಡುವಿನ ಅಂತರ 31 ಇಂಚು, ಅದರಲ್ಲೇ ಸೀಟಿನ ದಪ್ಪವೂ ಸೇರಿತು. ಬೋಯಿಂಗ್ 777 ವಿಮಾನ 1995ರಲ್ಲಿ ಸೇವೆಗೆ ಬಂದಾಗ ಬಹುತೇಕ ಕಂಪನಿಗಳು ಎಕಾನಮಿಯಲ್ಲಿ ಸಾಲಿಗೆ ಒಂಬತ್ತು ಸೀಟು ಹಾಕಿಸಿದ್ದವು. ಈಗ ಅದೇ ವಿಮಾನದಲ್ಲಿ ಹಲವರು ಹತ್ತು ಹಾಕಿಸುತ್ತಾರೆ. ವಿಮಾನದ ಹೊಟ್ಟೆ ದಪ್ಪಗಾಗಿಲ್ಲ. ಹತ್ತನೆಯ ಸೀಟನ್ನು ಉಳಿದ ಒಂಬತ್ತು ಜನರ ಮೊಣಕೈಯಿಂದಲೂ ಓಡಾಡುವ ದಾರಿಯಿಂದಲೂ ಚೂರುಚೂರೇ ಕಿತ್ತು ಹೊಲಿದಿದ್ದಾರೆ. ಆ ಹತ್ತು ಸೀಟಿಗೆ ಎ, ಬಿ, ಸಿ ಅಂತ ಹೆಸರಿಡುತ್ತಾ ಎಚ್‌ವರೆಗೆ ಬಂದವರು, ಐ ಬಿಟ್ಟು ಜೆ, ಕೆ ಎಂದುಬಿಡುತ್ತಾರೆ. ಐ ಅಕ್ಷರ ಒಂದರ ಅಂಕಿಯಂತೆ ಕಂಡು ಗೊಂದಲವಾಗುತ್ತದೆ ಎಂಬುದು ಕಾರಣ. ನನಗೆ ಬೇರೆ ಕಾರಣ ಹೊಳೆಯಿತು. ಐ ಅಂದರೆ ಇಂಗ್ಲಿಷಿನಲ್ಲಿ ‘ನಾನು’. ‘ನಾನು’ ಹೋದರಷ್ಟೇ ಸ್ವರ್ಗಕ್ಕೆ ಹೋದೇನು ಎಂಬ ಹಳೆಯ ಮಾತನ್ನು ಇವರು ಸೀಟಿನ ಮಟ್ಟದಲ್ಲೇ ಜಾರಿಗೆ ತಂದಿದ್ದಾರೆ.

ಆಕಾಶದಲ್ಲಿ ಕೂತವರನ್ನು ತ್ರಿಶಂಕುವಿಗೆ ಹೋಲಿಸುವುದು ವಾಡಿಕೆ. ತ್ರಿಶಂಕುವಿಗೆ ಅಕ್ಕಪಕ್ಕದಲ್ಲಿ ಯಾರೂ ಇರಲಿಲ್ಲ ಎಂಬುದನ್ನು ಹೋಲಿಸುವವರು ಮರೆಯುತ್ತಾರೆ.

ಊಟ ಬಂತು. ಟ್ರೇಯಲ್ಲಿ ಆರು ಡಬ್ಬಿ, ಒಂದೊಂದಕ್ಕೂ ಮುಚ್ಚಳ, ಬಿಚ್ಚಿದ ಮುಚ್ಚಳ ಇಡಲು ಜಾಗವಿಲ್ಲ. ಮಳೆಯಲ್ಲಿ ನೆನೆದ ಕೋಳಿ ರೆಕ್ಕೆ ಮುದುಡಿಕೊಂಡಂತೆ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಮಣಿಕಟ್ಟಿನಿಂದ ಮುಂದಿನ ಭಾಗವನ್ನಷ್ಟೇ ಆಡಿಸಿ ಉಣ್ಣುವ ವಿದ್ಯೆ ಆಗ ಸಿದ್ಧಿಸಿತು. ರುಚಿಯೇ ಇಲ್ಲ ಎಂದು ಅಡುಗೆಯವರನ್ನು ಬೈಯುವ ಮೊದಲು ನಮ್ಮ ಮೂಗನ್ನೂ ನಾಲಗೆಯನ್ನೂ ವಿಚಾರಿಸಬೇಕು. ಕ್ಯಾಬಿನ್ನಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು, ತೇವಾಂಶ ಶೇ. 20ಕ್ಕೂ ಕಡಿಮೆ. ಮೂಗು ಒಣಗಿದರೆ ವಾಸನೆ ಹೋಯಿತು, ವಾಸನೆಯ ಜೊತೆ ಅರ್ಧ ರುಚಿಯೂ ಹೋಯಿತು. ಲುಫ್ತಾನ್ಸಾ ಕಂಪನಿಗಾಗಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು 2010ರಲ್ಲಿ ನೆಲದ ಮೇಲೆಯೇ ಹಾರಾಟದ ವಾತಾವರಣ ಹುಟ್ಟಿಸಿ, ಅದರೊಳಗೆ ಜನರನ್ನು ಕೂರಿಸಿ ಉಣಬಡಿಸಿ ನೋಡಿದರು. ಉಪ್ಪು, ಸಿಹಿ ಎರಡೂ ಮಂಕಾಗಿದ್ದವು. ನೆಲದ ಮೇಲೆ ಮಣ್ಣಿನ ವಾಸನೆ ಎಂದು ಮೂಗು ಮುರಿಯುವ ಟೊಮೆಟೊ ರಸ ಮಾತ್ರ ಅಲ್ಲಿ ಹಣ್ಣಿನಂತೆ ಸಿಹಿಯಾಗಿ ರುಚಿಸಿತ್ತಂತೆ.

ಎಕಾನಮಿಯವರ ಊಟಕ್ಕಾಗಿ ಒಂದು ಜಗಳವೇ ನಡೆದಿದೆ. ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ 1958ರಲ್ಲಿ ಎಕಾನಮಿ ಕ್ಲಾಸ್ ಶುರುವಾದಾಗ, ಕಡಿಮೆ ದುಡ್ಡು ಕೊಟ್ಟವರಿಗೆ ತಣ್ಣನೆಯ ಸಾದಾ ಸ್ಯಾಂಡ್‌ವಿಚ್ ಮಾತ್ರ ಎಂದು ಕಂಪನಿಗಳೆಲ್ಲ ಒಪ್ಪಿಕೊಂಡಿದ್ದವು. ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಕಂಪನಿ ಬ್ರೆಡ್ಡಿನ ಒಂದು ಹೋಳಿನ ಮೇಲೆ ಬಗೆಬಗೆಯ ಮಾಂಸ ಪೇರಿಸಿ, ಇದೂ ಸ್ಯಾಂಡ್‌ವಿಚ್ಚೇ ಎಂದು ಬಡಿಸಿತು. ಪ್ಯಾನ್ ಆಮ್ ಕಂಪನಿ ಸಿಟ್ಟಾಗಿ ವಿಮಾನ ಕಂಪನಿಗಳದೇ ಆದ ಐಯಾಟ ಸಂಘಕ್ಕೆ ದೂರು ಕೊಟ್ಟಿತು. ಸ್ಯಾಂಡ್‌ವಿಚ್ ಎಂದರೆ ಯಾವುದು, ಯಾವುದಲ್ಲ ಎಂದು ದೊಡ್ಡ ದೊಡ್ಡವರು ಕೂತು ತೀರ್ಮಾನಿಸಬೇಕಾಯಿತು. ಬಡವನ ತಟ್ಟೆಯಲ್ಲಿ ಒಂದು ತುಂಡು ಹೆಚ್ಚಾದರೆ ಎದುರುಮನೆಯವನಿಗೆ ಹೊಟ್ಟೆನೋವು. ನನ್ನ ಟ್ರೇಯಲ್ಲಿದ್ದ ಪುಟ್ಟ ಬನ್ನನ್ನು ಆ ಮೇಲೆ ಸ್ವಲ್ಪ ಗೌರವದಿಂದಲೇ ತಿಂದೆ.

ಊಟ ಮುಗಿದು ದೀಪ ಆರಿಸಿದರು. ಮುಂದಿನವನು ಸೀಟು ಹಿಂದಕ್ಕೆ ಬಾಗಿಸಿದ. ಟಿವಿ ಪರದೆ ಮೂಗಿನ ಹತ್ತಿರಕ್ಕೆ ಬಂತು, ಸೀಟಿನ ಜೇಬಿನಲ್ಲಿಟ್ಟಿದ್ದ ಸೇಬು ಮೊಣಕಾಲಿಗೆ ಬಂತು. ಬಗ್ಗಿ ತೆಗೆಯೋಣವೆಂದರೆ ತಲೆಗೆ ಜಾಗವಿಲ್ಲ. ಬೆರಳ ತುದಿಯಿಂದ ಅದನ್ನು ಮೇಲಕ್ಕೆ ಉರುಳಿಸಿಕೊಂಡು ಮಡಿಲಲ್ಲಿಟ್ಟುಕೊಂಡೆ. ಪರದೆಯ ನಕಾಶೆಯಲ್ಲಿ ನಮ್ಮ ದಾರಿ ಬಿಲ್ಲಿನಂತೆ ಬಾಗಿತ್ತು. ನೇರ ಹೋಗಬಾರದೇ, ನನ್ನ ಮೊಣಕೈಗೆ ಒಂದು ಗಂಟೆಯಾದರೂ ಉಳಿಯುತ್ತಿತ್ತು ಅನ್ನಿಸಿತು. ಹೇಗೂ ಕೈಯಲ್ಲಿ ಭೂಗೋಳವಿತ್ತು. ಇಯರ್‌ಫೋನಿನ ವೈರನ್ನು ಸೇಬಿನ ಮೇಲೆ ಎರಡು ಚುಕ್ಕೆಗಳ ನಡುವೆ ಬಿಗಿಯಾಗಿ ಎಳೆದು ನೋಡಿದೆ. ವೈರು ನಡುಭಾಗ ಬಿಟ್ಟು ತೊಟ್ಟಿನ ಕಡೆಗೆ ಜಾರಿ ನಿಂತಿತು. ಗುಂಡಗಿನ ಮೇಲೆ ಹತ್ತಿರದ ದಾರಿ ಅದೇ. ಕಾಗದದ ಮೇಲೆ ಬಿಡಿಸಿದಾಗ ಮಾತ್ರ ಸೊಟ್ಟ. ಪೈಲಟ್‌ನ ಮೇಲಿದ್ದ ಅನುಮಾನ ಹೋಯಿತು. ‘ಉಳಿದ ಸಮಯ 9 ಗಂಟೆ 12 ನಿಮಿಷ’ ಎಂದಿತ್ತು. ಕಣ್ಣುಮುಚ್ಚಿ, ಒಂದು ಯುಗ ಕಳೆದು ತೆರೆದರೆ 8 ಗಂಟೆ 58 ನಿಮಿಷ.

ಇದಕ್ಕಿಂತ ಉದ್ದದ ಪ್ರಯಾಣಗಳೂ ಇವೆ. ಆಸ್ಟ್ರೇಲಿಯಾದ ಪರ್ತ್‌ನಿಂದ ಲಂಡನ್ನಿಗೆ 2018ರಿಂದ ನೇರ ವಿಮಾನವಿದೆ, ಸುಮಾರು ಹದಿನೇಳು ಗಂಟೆ. ಸಿಂಗಪುರದಿಂದ ನ್ಯೂಯಾರ್ಕಿಗೆ ಸಿಂಗಪುರ ಏರ್‌ಲೈನ್ಸಿನವರು ಹದಿನೆಂಟು ಗಂಟೆಗೂ ಹೆಚ್ಚು ಹಾರಿಸುತ್ತಾರೆ. ಆ ವಿಮಾನದಲ್ಲಿ ಎಕಾನಮಿ ಕ್ಲಾಸನ್ನೇ ಇಟ್ಟಿಲ್ಲ. ಅದು ವ್ಯಾಪಾರದ ಲೆಕ್ಕವಿರಬೇಕು. ನಾನು ಕರುಣೆ ಎಂದೇ ತಿಳಿದುಕೊಂಡಿದ್ದೇನೆ.

ನಡುರಾತ್ರಿ ತಿಂಡಿಯ ಪೊಟ್ಟಣ ಕೊಟ್ಟುಹೋದರು. ನೆಲದ ಮೇಲೆ ಸುಕ್ಕಾಗಿರುತ್ತಿದ್ದ ಪೊಟ್ಟಣ ಹೊರಗಿನ ಒತ್ತಡ ಕಡಿಮೆಯಾದ್ದರಿಂದ ಬಲೂನಿನಂತೆ ಉಬ್ಬಿಕೊಂಡಿತ್ತು. ಹೊತ್ತುಗಟ್ಟಲೆ ಅಲ್ಲಾಡದೆ ಕೂತು ರಕ್ತವೆಲ್ಲ ಕೆಳಗಿಳಿದು ನನ್ನ ಪಾದಗಳೂ ಉಬ್ಬಿದ್ದವು. ಪೊಟ್ಟಣ ಉಬ್ಬಿತು, ಪಾದ ಉಬ್ಬಿತು, ಸೀಟೊಂದು ಉಬ್ಬಲಿಲ್ಲ.

ಎದ್ದು ನಾಲ್ಕು ಹೆಜ್ಜೆ ಹಾಕೋಣವೆಂದರೆ ಅಜ್ಜಿಯನ್ನು ದಾಟಬೇಕು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ನಾನು ಚಡಪಡಿಸುವುದನ್ನು ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ, ‘ಇರು’ ಎಂಬಂತೆ ಅಂಗೈ ತೋರಿಸಿದರು. ಆಮೇಲೆ ದಾರಿಯ ಕಡೆಯ ಸೀಟಿನ ಕೈ ಕೆಳಗೆ, ಹಿಂದುಗಡೆ ಕೀಲಿನ ಹತ್ತಿರ, ಬೆರಳಾಡಿಸಿ ಏನನ್ನೋ ಒತ್ತಿದರು. ಅಲ್ಲಾಡುವುದೇ ಇಲ್ಲ ಎಂದು ನಾನು ನಂಬಿದ್ದ ಆ ಕೈ ಗೇಟಿನಂತೆ ಮೇಲಕ್ಕೆದ್ದಿತು. ಅಜ್ಜಿ ಎರಡೂ ಕಾಲನ್ನು ಆರಾಮಾಗಿ ಹೊರಕ್ಕೆ ತಿರುಗಿಸಿ ಎದ್ದು ನಿಂತರು. ಎಷ್ಟೋ ಸಲ ವಿಮಾನ ಹತ್ತಿದ ನನಗೆ ಆ ಗುಂಡಿ ಗೊತ್ತೇ ಇರಲಿಲ್ಲ.

ಟಾಯ್ಲೆಟ್ಟಿನಲ್ಲಿ ಒಬ್ಬನೇ ನಿಂತಾಗ ಎರಡೂ ಮೊಣಕೈ ಚಾಚಿ ನೋಡಿದೆ. ಅರ್ಧಕ್ಕೇ ಗೋಡೆ ತಗುಲಿತು. ಬಾಗಿಲ ಮೇಲೆ ಧೂಮಪಾನ ನಿಷೇಧದ ಫಲಕ, ಅದರ ಪಕ್ಕದಲ್ಲೇ ಸಿಗರೇಟಿನ ಬೂದಿ ಡಬ್ಬಿ. ತಪ್ಪಲ್ಲ, ನಿಯಮವೇ ಹಾಗಿದೆ: ಬೇಡವೆಂದರೂ ಸೇದುವವನೊಬ್ಬ ಇದ್ದೇ ಇರುತ್ತಾನೆ, ಅವನು ಕೆಂಡವನ್ನು ಕಾಗದದ ಕಸಕ್ಕೆ ಎಸೆಯದಿರಲಿ ಎಂದು. ಮನುಷ್ಯನನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡವರು ಸೀಟಿನ ಅಗಲದ ವಿಷಯದಲ್ಲಿ ಮಾತ್ರ ಯಾಕೆ ಹೀಗಾದರೋ.

ವಾಪಸ್ ಬಂದು ಕೂತ ಮೇಲೆ ಅಜ್ಜಿ ನಮ್ಮಿಬ್ಬರ ನಡುವಿನ ಸೀಟಿನ ಕೈ ಮೇಲೆ ಮೊಣಕೈಯನ್ನು ಹಿಂದಕ್ಕೆ, ಒರಗುವ ಕಡೆಗೆ ಸರಿಸಿ, ಮುಂದಿನ ಅರ್ಧವನ್ನು ಬೆರಳಿನಿಂದ ತಟ್ಟಿದರು. ಅಗಲದಲ್ಲಿ ಹಂಚಿಕೊಳ್ಳಲಾಗದ ಎರಡಿಂಚನ್ನು ಉದ್ದದಲ್ಲಿ ಹಂಚಿಕೊಳ್ಳಬಹುದು ಎಂಬುದು ಆರು ಗಂಟೆಯಿಂದ ನನಗೆ ಹೊಳೆದಿರಲಿಲ್ಲ. ನನ್ನ ಕೈ ಮುಂದೆ, ಅವರ ಮೊಣಕೈ ಹಿಂದೆ. ಉಳಿದ ದಾರಿಯೆಲ್ಲ ಆ ಒಪ್ಪಂದ ನಡೆಯಿತು. ಎಡಗಡೆಯ ಹುಡುಗ ಯಾವ ಒಪ್ಪಂದಕ್ಕೂ ಬರದೆ, ನನ್ನ ಭುಜವನ್ನೂ ಸೇರಿಸಿಕೊಂಡು ನಿದ್ದೆ ಮಾಡಿದ.

ಇಳಿದು, ಪಾಸ್‌ಪೋರ್ಟಿಗೆ ಮೊಹರು ಬಿದ್ದು, ಬ್ಯಾಗು ಸಿಕ್ಕಿ ಹೊರಟರೆ ಕೊನೆಯ ತಿರುವಿನಲ್ಲಿ ದೊಡ್ಡ ಫಲಕ: ಹಣ್ಣು ಹಂಪಲು ದೇಶದೊಳಕ್ಕೆ ತರುವಂತಿಲ್ಲ, ಇದ್ದರೆ ಈ ಡಬ್ಬಕ್ಕೆ ಹಾಕಿ. ಸೇಬಿನ ನೆನಪಾಯಿತು. ಡಬ್ಬದ ಕಡೆ ಕೈ ಚಾಚಿದೆ. ಹದಿನಾಲ್ಕು ಗಂಟೆಯ ಮೇಲೆ ಮೊಣಕೈ ಪೂರ್ತಿ ನೆಟ್ಟಗಾಗಿ ‘ಲಟಕ್’ ಎಂದಿತು. ಡಬ್ಬದ ತಳದಲ್ಲಿ ಆಗಲೇ ಹತ್ತಾರು ಸೇಬು ಬಿದ್ದಿದ್ದವು, ಎಲ್ಲಕ್ಕೂ ಅದೇ ಕೆಂಪು, ಅದೇ ಮೇಣದ ಹೊಳಪು.

ಹಿಂದೆ ಯಾರೋ ಸರಿಯಲೆಂದು ಕಾಯುತ್ತಿದ್ದರು. ತಿರುಗಿದರೆ ಅಜ್ಜಿ. ನನ್ನ ಕಡೆ ನೋಡಿ ನಕ್ಕು, ಕೈಚೀಲದ ತಳಕ್ಕೆ ಕೈ ಹಾಕಿ ತೆಗೆದರು: ಒಂದಲ್ಲ, ಎರಡು.